ಬಲಗೈಯ ರಜೆ, ಎಡಗೈಯ ಪ್ರಭಾರ

ನಮ್ಮ ಕಚೇರಿಯ ಬೆರಳಚ್ಚುಗಾರ್ತಿಯವರ ಬಲಗೈಗೆ ವೈದ್ಯಕೀಯ ರಜೆ ಮಂಜೂರು ಮಾಡಿದ್ದು ಸಂಪೂರ್ಣವಾಗಿ ನಿಯಮಾನುಸಾರವಾಗಿಯೇ ಇದೆ. ಈ ಬಗ್ಗೆ ಹೊರಗಿನವರು ಆಡಿಕೊಳ್ಳುತ್ತಿರುವುದು ನಮ್ಮ ಕಿವಿಗೂ ಬಿದ್ದಿದೆ. ಆಡಿಕೊಳ್ಳುವವರ ಬಾಯಿಗೆ ಬೀಗ ಹಾಕಲು ನಿಯಮದಲ್ಲಿ ಅವಕಾಶವಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ತಿಳಿಸುವುದು ಸಿಬ್ಬಂದಿ ಶಾಖೆಯ ಗುಮಾಸ್ತನಾದ ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ. ಆ ಆದೇಶದ ಕರಡು ಬರೆದವನು ನಾನೇ. ಕರಡು ಚೆನ್ನಾಗಿ ಬಂದಿತ್ತು ಎಂದು ಈಗಲೂ ಹೇಳುತ್ತೇನೆ.

ನಮ್ಮದು ಮನೆ ಸಂಖ್ಯೆ ಇಲಾಖೆ. ಊರಿನ ಪ್ರತಿಯೊಂದು ಮನೆಗೂ ಒಂದು ಹಳೇ ನಂಬರು, ಒಂದು ಹೊಸ ನಂಬರು ಇರುತ್ತದೆ. ಹಳೇದನ್ನು ನೋಡಿ ಹೊಸದನ್ನು ಕಂಪ್ಯೂಟರಿಗೆ ಏರಿಸುವುದು ನಮ್ಮ ಕೆಲಸ. ಎಲ್ಲ ಏರಿಸಿ ಮುಗಿಸುವ ಹೊತ್ತಿಗೆ ಮೇಲಿನವರು ಹೊಸ ನಂಬರುಗಳನ್ನು ಹಳೇ ನಂಬರುಗಳೆಂದು ಘೋಷಿಸುತ್ತಾರೆ. ಹೀಗಾಗಿ ನಮ್ಮ ಇಲಾಖೆಗೆ ಕೆಲಸದ ಕೊರತೆ ಎಂದೂ ಬಂದಿಲ್ಲ. ಕಚೇರಿಯಲ್ಲಿ ಕಂಪ್ಯೂಟರುಗಳು ಬೇಕಾದಷ್ಟಿವೆ. ಅಧೀಕ್ಷಕರ ಕಂಪ್ಯೂಟರಿನ ಮೇಲೆ ಅವರ ಟೋಪಿ ಇರುತ್ತದೆ. ಲೆಕ್ಕಿಗರದು ಪ್ಲಾಸ್ಟಿಕ್ ಹೊದಿಕೆ ಹೊದ್ದುಕೊಂಡು ಮಲಗಿರುತ್ತದೆ. ಉಳಿದದ್ದು ಬೆರಳಚ್ಚುಗಾರ್ತಿಯವರದು, ಊರಿನ ಮನೆಗಳೆಲ್ಲ ಅದರೊಳಗೇ ಹೋಗಬೇಕಾಗಿತ್ತು.

ಮೌಸು ಹಿಡಿದೂ ಹಿಡಿದೂ ಅವರ ಬಲ ಮಣಿಕಟ್ಟಿಗೆ ನೋವು ಬಂತು. ಮೊದಲು ಹೆಬ್ಬೆರಳ ಬುಡದಲ್ಲಿ ಜುಮುಜುಮು ಅಂದಿತು, ಆಮೇಲೆ ಮೊಣಕೈಯವರೆಗೆ ಎಳೆಯತೊಡಗಿತು. ನೀರಿನ ಬಾಟಲಿಯ ಮುಚ್ಚಳ ತಿರುಗಿಸಲು ನನ್ನ ಮೇಜಿಗೆ ತಂದು ಕೊಡುತ್ತಿದ್ದರು. ಬಿಸಿನೀರಿನ ಶಾಖ ಕೊಟ್ಟರು, ಮುಲಾಮು ಹಚ್ಚಿದರು, ಪಟ್ಟಿ ಕಟ್ಟಿದರು. ಅದೇ ಕಾಲಕ್ಕೆ ಇಲಾಖೆಯೂ ಸುಮ್ಮನೆ ಕೂರದೆ ಮಣಿಕಟ್ಟು ಆರೋಗ್ಯ ಸಪ್ತಾಹ ಆಚರಿಸಿತು. 'ಆಗಾಗ ಕೈಗೆ ವಿಶ್ರಾಂತಿ ಕೊಡಿ' ಎಂಬ ಭಿತ್ತಿಪತ್ರವನ್ನು ಎಲ್ಲ ಶಾಖೆಗಳಿಗೂ ಹಂಚಲಾಯಿತು. ಅಷ್ಟೂ ಪ್ರತಿಗಳನ್ನು ಅವರೇ ಟೈಪು ಮಾಡಿಕೊಟ್ಟರು.

ಅವರಿಗೆ ಒಬ್ಬ ಮಗಳಿದ್ದಳು, ಮನೆಯಲ್ಲಿ ಗುಬ್ಬಿ ಅನ್ನುತ್ತಿದ್ದರು. ಆಗ ಅದಿನ್ನೂ ಗೋಡೆ ಹಿಡಿದು ನಿಲ್ಲುವ ಕೂಸು. ಒಂದು ಮಧ್ಯಾಹ್ನ ಬೆರಳಚ್ಚುಗಾರ್ತಿಯವರು ಅಧೀಕ್ಷಕರ ಮೇಜಿನ ಮುಂದೆ ನಿಂತು ಡಾಕ್ಟರ ಚೀಟಿ ಇಟ್ಟರು.

"ಸಾರ್, ಕೈಗೆ ಪೂರ್ತಿ ವಿಶ್ರಾಂತಿ ಕೊಡ್ಲೇಬೇಕಂತೆ. ಇಲ್ಲಾಂದ್ರೆ ಕೊಯ್ಯಬೇಕಾಗುತ್ತೆ, ಕೊಯ್ದ್ರೂ ಹಿಡಿತ ವಾಪಸ್ ಬರುತ್ತೆ ಅಂತ ಹೇಳೋಕಾಗಲ್ಲ ಅಂದ್ರು. ಮಗು ಎರಡು ಕೈ ಚಾಚುತ್ತೆ ಸಾರ್, ಎತ್ಕೊಳ್ಳೋಕೆ ಆಗ್ತಿಲ್ಲ. ಒಂದು ಸಲ ಜಾರಿ ಬಿಟ್ಟೇಬಿಟ್ಟಿದ್ದೆ. ಸ್ವಲ್ಪ ದಿನ ರಜೆ ಕೊಡಿ."

ಅವರ ಕಣ್ಣಲ್ಲಿ ನೀರು ಬಂದಿತ್ತು. ಅಧೀಕ್ಷಕರು ಮನುಷ್ಯತ್ವ ಇಲ್ಲದವರಲ್ಲ. ಕನ್ನಡಕ ಏರಿಸಿ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ಓದಿದರು.

"ನೋಡಮ್ಮ, ಇದರಲ್ಲಿ 'ಬಲಗೈಗೆ ವಿಶ್ರಾಂತಿ ಅಗತ್ಯ' ಅಂತ ಬರೆದಿದ್ದಾರೆ."

"ಹೌದು ಸಾರ್."

"ಎಡಗೈ ವಿಚಾರ ಏನೂ ಬರೆದಿಲ್ಲ. ಕಾಲಿನ ವಿಚಾರ ಇಲ್ಲ. ತಲೆ ವಿಚಾರ ಇಲ್ಲ."

"ಅವೆಲ್ಲ ಚೆನ್ನಾಗಿವೆ ಸಾರ್."

"ಅದನ್ನೇ ನಾನೂ ಹೇಳ್ತಿರೋದು. ಚೆನ್ನಾಗಿರೋದಕ್ಕೆ ವೈದ್ಯಕೀಯ ರಜೆ ಹೇಗಮ್ಮ ಕೊಡ್ಲಿ? ನಾಳೆ ಲೆಕ್ಕ ಪರಿಶೋಧಕರು ಬಂದು ಕೇಳಿದ್ರೆ ನನ್ನ ಕುತ್ತಿಗೆಗೆ ಬರುತ್ತೆ."

ವೈದ್ಯರು ಶಿಫಾರಸು ಮಾಡಿದ್ದಕ್ಕಿಂತ ಹೆಚ್ಚು ರಜೆ ಕೊಡಕೂಡದು ಎಂಬ ನಿಯಮ ಇರುವುದು ನಿಜ. ಕೊಯ್ಯಬೇಕಾದೀತು ಎಂಬಂಥ ನೋವಿಗೆ ರಜೆ ನಿರಾಕರಿಸುವುದು ಅಮಾನವೀಯ, ಇಡೀ ಮನುಷ್ಯರಿಗೆ ರಜೆ ಕೊಡುವುದು ಅಕ್ರಮ. ಅಧೀಕ್ಷಕರು ನನ್ನ ಕಡೆ ನೋಡಿದರು. ನಾನು ಅಂದೇ ಸಂಜೆ ಕರಡು ಸಿದ್ಧಪಡಿಸಿದೆ: 'ಸದರಿ ನೌಕರರ ಬಲಗೈಗೆ, ಬೆರಳುಗಳು ಸೇರಿದಂತೆ, ವೈದ್ಯಕೀಯ ರಜೆ ಮಂಜೂರು ಮಾಡಿದೆ. ರಜೆಯ ಅವಧಿಯಲ್ಲಿ ಉಳಿಕೆ ದೇಹವು ಎಂದಿನಂತೆ ಕರ್ತವ್ಯಕ್ಕೆ ಹಾಜರಾಗತಕ್ಕದ್ದು. ಬಲಗೈಯ ಕೆಲಸದ ಪ್ರಭಾರವನ್ನು ಎಡಗೈಯು ತನ್ನ ಕರ್ತವ್ಯಗಳ ಜೊತೆಗೆ ಹೆಚ್ಚುವರಿಯಾಗಿ ನಿರ್ವಹಿಸತಕ್ಕದ್ದು.' 'ಉಳಿಕೆ ದೇಹ' ಎಂಬ ಮಾತು ನನ್ನದೇ. ಈಗ ಬೇರೆ ಇಲಾಖೆಗಳೂ ಅದನ್ನು ಬಳಸುತ್ತಿವೆಯಂತೆ, ಕೇಳಿ ಸಂತೋಷವಾಯಿತು.

ಮಾರನೆಯ ದಿನ ಪ್ರಭಾರ ಹಸ್ತಾಂತರ ನಡೆಯಿತು. ಬಲಗೈ ಮೌಸನ್ನು ಎತ್ತಿ ಎಡಗೈಗೆ ಕೊಟ್ಟಿತು. ಅಧೀಕ್ಷಕರು, ಲೆಕ್ಕಿಗರು, ನಾನು ಸಾಕ್ಷಿಗಳಾಗಿ ನಿಂತಿದ್ದೆವು. ಒಪ್ಪಿಸಿದ ಬಗ್ಗೆ ಬಲಗೈ ಸಹಿ ಹಾಕಿತು. ಒಪ್ಪಿಕೊಂಡ ಬಗ್ಗೆ ಎಡಗೈ ಸಹಿ ಹಾಕಬೇಕಾಗಿತ್ತು, ಅದಕ್ಕೆ ಬರೆಯಲು ಬರುತ್ತಿರಲಿಲ್ಲ. ಹೆಬ್ಬೆಟ್ಟು ಒತ್ತಿಸಿಕೊಂಡು, ಅನಕ್ಷರಸ್ಥ ನೌಕರರಿಗೆ ಇರುವ ರಿಯಾಯಿತಿಯನ್ನು ಅನ್ವಯಿಸಿದೆವು.

ಮೊದಲ ಆಕ್ಷೇಪ ಬಂದದ್ದು ಕಾವಲುಗಾರನಿಂದ. ರಜೆಯಲ್ಲಿರುವವರು ಪೂರ್ವಾನುಮತಿ ಇಲ್ಲದೆ ಕಚೇರಿಯೊಳಗೆ ಬರಕೂಡದೆಂದು ಅವನಿಗೆ ನಾವೇ ಹೇಳಿಟ್ಟಿದ್ದೆವು. ಅವನು ಗೇಟಿನಲ್ಲಿ ಬೆರಳಚ್ಚುಗಾರ್ತಿಯವರನ್ನು ತಡೆದು, "ಅಕ್ಕಾ, ನೀವು ಬನ್ನಿ, ನಿಮ್ಮದೇನೂ ತಕರಾರಿಲ್ಲ. ಆ ಕೈ ಒಳಗೆ ಬರೋ ಹಾಗಿಲ್ಲ" ಅಂದ.

"ಇದನ್ನ ಎಲ್ಲಿ ಬಿಟ್ಟು ಬರ್ಲಪ್ಪಾ?" ಎಂದು ಅವರು ಕೇಳಿದರು.

"ಅದು ನಿಮ್ಮ ಖಾಸಗಿ ವಿಷಯ ಅಕ್ಕಾ."

ಕಾವಲುಗಾರನದು ತಪ್ಪೆಂದು ಯಾರಿಂದಲೂ ಹೇಳಲಾಗಲಿಲ್ಲ. ಕೊನೆಗೆ ಅಧೀಕ್ಷಕರೇ ದಾರಿ ಹುಡುಕಿದರು. ಕಣ್ಣಿಗೆ ಕಾಣದಿರುವುದು ಕಚೇರಿಯಲ್ಲಿ ಇಲ್ಲವೆಂದೇ ಲೆಕ್ಕ. ಅಟೆಂಡರ್ ಹಲವು ವರ್ಷಗಳಿಂದ ಇದೇ ತತ್ವದ ಮೇಲೆ ಕಸ ಗುಡಿಸುತ್ತಿದ್ದಾನೆ. ಆದ್ದರಿಂದ ಬಲಗೈಯನ್ನು ಮೊಣಕೈಯವರೆಗೆ ಒಂದು ಬಟ್ಟೆ ಚೀಲದಲ್ಲಿ ಹಾಕಿ ದಾರ ಕಟ್ಟಿ ತರುವುದೆಂದು ತೀರ್ಮಾನವಾಯಿತು. ಬೆಳಿಗ್ಗೆ ಗೇಟಿನಲ್ಲಿ ಕಾವಲುಗಾರ ಗಂಟು ಪರೀಕ್ಷಿಸಿ ಒಳಗೆ ಬಿಡುತ್ತಿದ್ದ.

ಈ ವ್ಯವಸ್ಥೆಯಿಂದ ನೋವು ಕಡಿಮೆಯಾಯಿತು ಎಂಬುದನ್ನು ನಮ್ಮ ಟೀಕಾಕಾರರು ಗಮನಿಸಬೇಕು. ಚೀಲದೊಳಗಿನ ಕೈ ಏನೂ ಮಾಡುವ ಹಾಗಿರಲಿಲ್ಲ, ಅದೇ ಅದಕ್ಕೆ ಔಷಧಿಯಾಯಿತು. ಬೆರಳಚ್ಚುಗಾರ್ತಿಯವರ ಮುಖಕ್ಕೆ ಕಳೆ ಬಂತು. "ಸಾರ್, ನಿನ್ನೆ ರಾತ್ರಿ ನಿದ್ದೆ ಬಂತು" ಎಂದು ನನ್ನ ಹತ್ತಿರ ಹೇಳಿಕೊಂಡರು. ನಾನು ಅಭಿನಂದಿಸಿದೆ.

ಒಬ್ಬರಿಗೆ ಒಳ್ಳೆಯದಾದರೆ ಇನ್ನೊಬ್ಬರಿಗೆ ಹೊಟ್ಟೆಯಲ್ಲಿ ಬೆಂಕಿ ಬೀಳುವುದು ಲೋಕರೂಢಿ. ಲೆಕ್ಕಿಗರು ತಮ್ಮ ಎರಡೂ ಕಣ್ಣುಗಳಿಗೆ ರಜೆ ಕೇಳಿ ಪಡೆದರು. ಕಣ್ಣು ಮುಚ್ಚಿಕೊಂಡೇ ಕಡತಗಳಿಗೆ ಸಹಿ ಹಾಕುತ್ತಿದ್ದರು. ಆ ಅವಧಿಯ ಸಹಿಗಳಿಗೂ ಅದಕ್ಕೆ ಮುಂಚಿನ ಸಹಿಗಳಿಗೂ ಯಾವ ವ್ಯತ್ಯಾಸವೂ ಕಂಡುಬಂದಿಲ್ಲವೆಂದು ವರದಿಯಾಗಿದೆ. ರವಾನೆ ಶಾಖೆಯವರು ಕಿವಿಗಳಿಗೆ ರಜೆ ಪಡೆದು ಸಾರ್ವಜನಿಕರ ಅಹವಾಲುಗಳನ್ನು ಸ್ವೀಕರಿಸಿದರು. ನಾನೂ ಬೆನ್ನಿಗೆ ಅರ್ಜಿ ಹಾಕಿದ್ದೆ. ಬೆನ್ನಿನ ಪ್ರಭಾರ ವಹಿಸಿಕೊಳ್ಳಲು ಬೇರೆ ಅಂಗ ಒಪ್ಪದ ಕಾರಣ ತಿರಸ್ಕೃತವಾಯಿತು. ನನಗೆ ಬೇಜಾರಾಯಿತು, ಇಲ್ಲ ಅನ್ನುವುದಿಲ್ಲ.

ಇಷ್ಟರಲ್ಲಿ ಹೆಸರಿಲ್ಲದ ಒಂದು ದೂರು ಬಂತು. ರಜೆಯಲ್ಲಿರುವ ಬಲಗೈಯು ಮನೆಯಲ್ಲಿ ಮಗುವನ್ನು ಎತ್ತಿಕೊಳ್ಳುತ್ತಿದೆ, ಎತ್ತಿಕೊಳ್ಳುವಷ್ಟು ಶಕ್ತಿ ಇರುವ ಕೈಗೆ ಮೌಸು ಭಾರವೇ ಎಂಬುದು ಅದರ ಸಾರಾಂಶ. ಆರೋಪ ನಿಜವಾದರೆ ರಜೆ ರದ್ದಾಗುತ್ತದೆ, ಕೈ ಮತ್ತೆ ಮೌಸಿಗೆ ಹೋಗುತ್ತದೆ. ಅಧೀಕ್ಷಕರೂ ನಾನೂ ಮುನ್ಸೂಚನೆ ಇಲ್ಲದೆ ಅವರ ಮನೆಗೆ ತಪಾಸಣೆಗೆ ಹೋದೆವು.

ಬಾಗಿಲು ತೆಗೆದವರು ಅವರ ಗಂಡ. ಅವರದು ಕನ್ನಡಕದ ಅಂಗಡಿ. ಎರಡು ಕೋಣೆಯ ಮನೆ, ಒಗೆದ ಬಟ್ಟೆ ಒಳಗೇ ಹರವಿತ್ತು. ನಮಗೆ ಕುರ್ಚಿ ಹಾಕಿ ಅವರು ನಿಂತುಕೊಂಡರು. ಬೆರಳಚ್ಚುಗಾರ್ತಿಯವರು ಅಡುಗೆಮನೆಯಿಂದ ಹೊರಗೆ ಬಂದರು. ಬಲಗೈ ಚೀಲದಲ್ಲೇ ಇತ್ತು. ದಾರದ ಗಂಟು ಕಾವಲುಗಾರ ಒಪ್ಪುವಂಥದ್ದೇ.

"ಮನೇಲೂ ಚೀಲ ಹಾಕ್ಕೊಂಡೇ ಇರ್ತೀರಾ?" ಎಂದು ಅಧೀಕ್ಷಕರು ಕೇಳಿದರು.

"ಬಿಚ್ಚೋಕೆ ಭಯ ಆಗುತ್ತೆ ಸಾರ್. ಯಾರಾದ್ರೂ ನೋಡಿದ್ರೆ?"

ಆ ಹೊತ್ತಿಗೆ ಗುಬ್ಬಿ ಗೋಡೆ ಬಿಟ್ಟು, ತೂರಾಡುತ್ತ ಎರಡು ಹೆಜ್ಜೆ ನಡೆದು ಬಂದು ಅಮ್ಮನ ಮುಂದೆ ಕೈ ಚಾಚಿತು. ಬೆರಳಚ್ಚುಗಾರ್ತಿಯವರು ನಮ್ಮನ್ನು ನೋಡಿದರು, ಮಗುವನ್ನು ನೋಡಿದರು. ಎಡಗೈಯಲ್ಲಿ ಅದರ ತಲೆ ಸವರಿ ನಿಂತಲ್ಲೇ ನಿಂತರು. ಮಗು ಸ್ವಲ್ಪ ಹೊತ್ತು ಕೈ ಚಾಚಿಕೊಂಡೇ ಇತ್ತು. ಆಮೇಲೆ ಅಪ್ಪನ ಕಡೆ ತಿರುಗಿತು.

"ಅವಳ ಪಾಡು ನೋಡೋಕಾಗಲ್ಲ ಸ್ವಾಮೀ," ಎಂದರು ಗಂಡ, ಮಗುವನ್ನು ಎತ್ತಿಕೊಂಡು. "ಬೇಗ ವಾಸಿ ಆದ್ರೆ ಸಾಕು. ಆಮೇಲಾದ್ರೂ ಎತ್ಕೊಳ್ಳಬಹುದಲ್ಲ."

"ಖಂಡಿತ, ಖಂಡಿತ. ವಾಸಿ ಆದ ಮೇಲೆ ನಿಯಮದಲ್ಲಿ ಅಡ್ಡಿ ಏನೂ ಇಲ್ಲ," ಎಂದರು ಅಧೀಕ್ಷಕರು.

ನನಗೂ ಕರುಳು ಚುರ್ ಅಂದಿತು. ಆದರೆ ಕರುಳು ಸೇವಾ ನಿಯಮಗಳ ವ್ಯಾಪ್ತಿಗೆ ಬರುವುದಿಲ್ಲ. ದೂರಿನಲ್ಲಿ ಹುರುಳಿಲ್ಲವೆಂದು ವರದಿ ಬರೆದು, ನೌಕರರ ಶಿಸ್ತಿನ ಬಗ್ಗೆ ಒಂದು ಮೆಚ್ಚುಗೆಯ ವಾಕ್ಯವನ್ನೂ ಸೇರಿಸಿದೆ.

ಕೆಲವು ತಿಂಗಳಲ್ಲಿ ಬಲಗೈ ಪೂರ್ತಿ ವಾಸಿಯಾಯಿತು. ಡಾಕ್ಟರು ಮುಷ್ಟಿ ಕಟ್ಟಿಸಿ, ಬಿಡಿಸಿ, ತಮ್ಮ ಕೈಯನ್ನೇ ಹಿಂಡಿಸಿಕೊಂಡು ಪರೀಕ್ಷಿಸಿ, ಕೆಲಸಕ್ಕೆ ಅರ್ಹವೆಂದು ಬರೆದುಕೊಟ್ಟರಂತೆ. ಬೆರಳಚ್ಚುಗಾರ್ತಿಯವರು ಆ ಪ್ರಮಾಣಪತ್ರ ಹಿಡಿದು ಓಡೋಡಿ ಬಂದರು. ಮದುವೆ ಮನೆಗೆ ಬಂದವರ ಹಾಗೆ ನಗುತ್ತಿದ್ದರು.

ಅಧೀಕ್ಷಕರು ಗಂಟಲು ಸರಿಮಾಡಿಕೊಂಡರು. "ಸಂತೋಷ ಅಮ್ಮ. ಆದ್ರೆ ಒಂದು ಸಣ್ಣ ತೊಡಕಿದೆ. ನಿಮ್ಮ ಎಡಗೈ ಪ್ರಭಾರದ ಅವಧಿ ತೃಪ್ತಿಕರವಾಗಿ ಮುಗಿಸಿದೆ. ಮೊನ್ನೆಯಷ್ಟೇ ಆ ಹುದ್ದೆಯಲ್ಲಿ ಅದನ್ನ ಕಾಯಂ ಮಾಡಿ ಆದೇಶ ಆಯ್ತು."

"ಹಾಗಂದ್ರೆ?"

"ಮೌಸು ಹಿಡಿಯೋ ಹುದ್ದೆ ಇರೋದು ಒಂದೇ. ಅದರಲ್ಲಿ ಎಡಗೈ ಇದೆ. ಕಾಯಂ ಆದ ಕೈಯನ್ನ ಎಬ್ಬಿಸಿ ಕಳಿಸೋಕಾಗುತ್ತಾ? ಬೇರೆ ಹುದ್ದೆ ಸಿಗೋವರೆಗೆ ಬಲಗೈ ಸ್ಥಳ ನಿರೀಕ್ಷಣೆಯಲ್ಲಿ ಇರಬೇಕಾಗುತ್ತೆ. ಚಿಂತೆ ಮಾಡ್ಬೇಡಿ, ಸಂಬಳಕ್ಕೇನೂ ತೊಂದರೆ ಇಲ್ಲ."

"ಸಾರ್, ಎಡಗೈ ಈಗ ನೋಯೋಕೆ ಶುರುವಾಗಿದೆ. ಅಭ್ಯಾಸ ಇಲ್ಲದ ಕೈ ಅಲ್ವಾ. ಅದಕ್ಕೇ ಬಲಗೈಲಿ ಮಾಡೋಣ ಅಂತ. ನೋಡಿ, ಇಲ್ಲೇ ಇದೆ, ಪಕ್ಕದಲ್ಲೇ ಇದೆ."

"ಪಕ್ಕದಲ್ಲಿದ್ರೆ ಆಗಲ್ಲಮ್ಮ. ಆದೇಶ ಇರಬೇಕು."

"ಹಾಗಾದ್ರೆ ಎಡಗೈಗೆ ರಜೆ ಕೊಡಿ."

"ಯಾರಿಗೆ ಪ್ರಭಾರ ಕೊಟ್ಟು ರಜೆ ಹೋಗುತ್ತೆ? ಕಚೇರಿಯಲ್ಲಿ ನಿಮ್ಮದು ಅಂತ ಹುದ್ದೆಯಲ್ಲಿರೋ ಕೈ ಇನ್ನೊಂದು ಎಲ್ಲಿದೆ?"

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ತಿಳಿಯದವರು ಗಾದೆ ಹೇಳುತ್ತಾರೆ. ಕನ್ನಡಿ ಸಾಲದು, ಕನ್ನಡಿಯಲ್ಲಿ ಕಂಡದ್ದಕ್ಕೆ ಮೇಲಧಿಕಾರಿಯ ದೃಢೀಕರಣವೂ ಬೇಕು. ಹೀಗೆ ನೋಯುವ ಎಡಗೈ ಊರಿನ ಮನೆಗಳನ್ನೆಲ್ಲ ಏರಿಸುತ್ತಿತ್ತು. ಗಟ್ಟಿಮುಟ್ಟಾದ ಬಲಗೈ ತೊಡೆಯ ಮೇಲೆ ಸುಮ್ಮನೆ ಕೂತು ಸಂಬಳ ತೆಗೆದುಕೊಳ್ಳುತ್ತಿತ್ತು. ಕಚೇರಿಯಲ್ಲಿ ಬಲಗೈಯ ಬಗ್ಗೆ ಗೌರವ ಬೆಳೆಯಿತು. ಕೆಲಸವಿಲ್ಲದೆ ಸಂಬಳ ಬರುವುದು ಸಾಮಾನ್ಯವಾಗಿ ಮೇಲಿನವರಿಗೆ ಮಾತ್ರ, ಆದ್ದರಿಂದ ಲೆಕ್ಕಿಗರು ಅದರ ಮುಂದೆ ಹಾದುಹೋಗುವಾಗ ಸ್ವಲ್ಪ ಬಗ್ಗುತ್ತಿದ್ದರು. ಮನೆಯಲ್ಲಿ ಅದು ಗುಬ್ಬಿಯನ್ನು ಎತ್ತಿಕೊಳ್ಳಬಹುದಾಗಿತ್ತು. ಆದರೆ ಮಗು ಎತ್ತಲು ಎರಡು ಕೈ ಬೇಕು, ಸಂಜೆಯ ಹೊತ್ತಿಗೆ ಎಡಗೈ ಊದಿಕೊಂಡಿರುತ್ತಿತ್ತು.

ಈ ಸಮಸ್ಯೆಗೆ ಪರಿಹಾರ ದೊರೆತದ್ದು ಪಕ್ಕದ ಕೋಣೆಯ ದೊಡ್ಡ ಸಾಹೇಬರ ಮಣಿಕಟ್ಟಿನಿಂದ. ಅವರೂ ಕಂಪ್ಯೂಟರಿನ ಮುಂದೆ ದಿನವಿಡೀ ದುಡಿಯುತ್ತಿದ್ದರು, ಇಸ್ಪೀಟು ಆಡುತ್ತಿದ್ದರು, ಅವರ ಮಣಿಕಟ್ಟಿಗೂ ನೋವು ಬಂತು. ಆಟ ಬಿಡುವುದು ಸಾಧ್ಯವಿರಲಿಲ್ಲ, ಗೆಲ್ಲುವ ಹಂತಕ್ಕೆ ಬಂದಿತ್ತು. ಸ್ಥಳ ನಿರೀಕ್ಷಣೆಯಲ್ಲಿ ಒಂದು ಆರೋಗ್ಯವಂತ ಬಲಗೈ ಖಾಲಿ ಇದೆಯೆಂದು ಯಾರೋ ಅವರ ಕಿವಿಗೆ ಹಾಕಿದರು. ಅಂದೇ ನಿಯೋಜನೆಯ ಆದೇಶ ಹೊರಬಿತ್ತು: 'ಸದರಿ ಬಲಗೈಯು ದೊಡ್ಡ ಸಾಹೇಬರ ಕೋಣೆಯಲ್ಲಿ ಮುಂದಿನ ಆದೇಶದವರೆಗೆ ಸೇವೆ ಸಲ್ಲಿಸತಕ್ಕದ್ದು.'

ಎಡಗೈ ಶಾಖೆಯನ್ನು ಬಿಟ್ಟು ಏಳುವಂತಿರಲಿಲ್ಲ, ಬಲಗೈ ಸಾಹೇಬರ ಕೋಣೆಯಲ್ಲಿರಬೇಕಾಗಿತ್ತು. ಎರಡರ ನಡುವೆ ಪ್ಲೈವುಡ್ ಗೋಡೆ. ಬಡಗಿಯನ್ನು ಕರೆಸಿ ಗೋಡೆಗೆ ದುಂಡನೆಯ ತೂತು ಕೊರೆಸಲಾಯಿತು. ಅಂಚು ತರಚಬಾರದೆಂದು ಅದರ ಸುತ್ತ ಹಳೇ ಸೈಕಲ್ ಟ್ಯೂಬು ಹೊಡೆಸಿದ್ದು ಇಲಾಖೆಗೆ ನೌಕರರ ಮೇಲಿರುವ ಕಾಳಜಿಗೆ ಸಾಕ್ಷಿ. ಬೆರಳಚ್ಚುಗಾರ್ತಿಯವರು ಗೋಡೆಗೆ ಭುಜ ಒತ್ತಿ ಕೂರುತ್ತಿದ್ದರು. ಈ ಕಡೆ ಎಡಗೈ ನಂಬರು ಏರಿಸುತ್ತಿತ್ತು. ಆ ಕಡೆಯಿಂದ ಸಾಹೇಬರ ದನಿ ಕೇಳುತ್ತಿತ್ತು.

"ಇನ್ನೂ ಸ್ವಲ್ಪ ಎಡಕ್ಕೆ. ಹಾಂ. ರಾಣಿ ಮೇಲೆ ಇಡು. ಒತ್ತು... ಭೇಷ್!"

ಸಾಹೇಬರು ಕೈಯನ್ನು ತುಂಬ ಮೆಚ್ಚಿಕೊಂಡರು. ಅದಕ್ಕೊಂದು ಒಳ್ಳೆಯ ನಡತೆಯ ಪತ್ರ ಸಿಕ್ಕಿತು. ಅದರ ಮುಖವನ್ನು ತಾವು ಇದುವರೆಗೆ ನೋಡಿಲ್ಲವೆಂದು ಸಾಹೇಬರು ಒಮ್ಮೆ ನನ್ನ ಹತ್ತಿರ ಹೇಳಿದರು. ಕೈಗೆ ಮುಖ ಇರುವುದಿಲ್ಲ ಸಾರ್ ಎಂದೆ. ಅದೂ ಸರಿಯೆಂದರು.

ವರ್ಷಾಂತ್ಯದಲ್ಲಿ ಸಿಬ್ಬಂದಿ ಬಲದ ವಿವರ ಸಿದ್ಧಪಡಿಸುವುದು ನನ್ನ ಪಾಲಿಗೆ ಬಂತು. ಎಡಗೈ ಶಾಖೆಯಲ್ಲಿ ಕಾಯಂ, ಬಲಗೈ ಸಾಹೇಬರ ಕೋಣೆಗೆ ನಿಯೋಜನೆ. ಉಳಿಕೆ ದೇಹವನ್ನು ತೋರಿಸಲು ಯಾವ ಹುದ್ದೆಯೂ ಉಳಿಯಲಿಲ್ಲ. ಎಷ್ಟು ತಿಣುಕಿದರೂ ಎಲ್ಲೂ ಕೂರಲಿಲ್ಲ. ಹುದ್ದೆ ಇಲ್ಲದವರನ್ನು ಕಚೇರಿಯೊಳಗೆ ಬಿಡುವುದು ಹೇಗೆ? ಅಧೀಕ್ಷಕರು ಮತ್ತೆ ದಾರಿ ತೋರಿಸಿದರು. ಆಸ್ಪತ್ರೆಯಲ್ಲಿ ರೋಗಿಯ ಜೊತೆಗೆ ಬಂದವರಿಗೆ ಪಾಸು ಕೊಡುತ್ತಾರಲ್ಲ, ಹಾಗೆ. ಅಂದಿನಿಂದ ಕಾವಲುಗಾರ ಗೇಟಿನಲ್ಲಿ ಅವರಿಗೆ ಒಂದು ಪಾಸು ಕೊಡುತ್ತಾನೆ. ಅದರ ಮೇಲೆ 'ಕೈಗಳ ಜೊತೆ ಬಂದವರು' ಎಂದು ಬರೆದಿರುತ್ತದೆ. ಸಂಜೆ ಹೋಗುವಾಗ ವಾಪಸು ಕೊಡಬೇಕು.

ಅವರು ಮೊದಮೊದಲು ಆ ಪಾಸನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಳ್ಳುತ್ತಿದ್ದರು. ಕಾಲ ಕಳೆದಂತೆ ಅಭ್ಯಾಸವಾಯಿತು. ಎಡಗೈ ನೋವು ಹೆಚ್ಚಿದಾಗ ಅದನ್ನು ನಮಗೆ ತಿಳಿಸುತ್ತಿದ್ದರು, ನಾವು ಗಮನಿಸಿದ್ದೇವೆಂದು ಬರೆದುಕೊಳ್ಳುತ್ತಿದ್ದೆವು. ಬಲಗೈಗೂ ಮತ್ತೆ ಜುಮುಜುಮು ಶುರುವಾಗಿತ್ತು. ಆದರೆ ಅದು ಈಗ ಸಾಹೇಬರ ಆಡಳಿತಕ್ಕೆ ಸೇರಿದ್ದು, ಅದರ ನೋವನ್ನು ನಾವು ವಿಚಾರಿಸುವುದು ಅಧಿಕಪ್ರಸಂಗವಾಗುತ್ತಿತ್ತು. ಗುಬ್ಬಿ ತಾನೇ ಓಡಾಡುವಷ್ಟು ಬೆಳೆದಿದ್ದಾಳೆ, ಎತ್ತಿಕೋ ಎಂದು ಕೇಳುವುದನ್ನು ಬಿಟ್ಟಿದ್ದಾಳೆ ಎಂದು ಒಂದು ದಿನ ಅವರೇ ಹೇಳಿದರು. ಒಳ್ಳೆಯದೇ ಆಯಿತಲ್ಲ ಎಂದೆ. ಅವರು ಹೂಂ ಅಂದರು.

ಮೊನ್ನೆ ಸೋಮವಾರ ಅವರು ಅಧೀಕ್ಷಕರನ್ನು ಕರೆಸಿಕೊಂಡರು. ಕೂತಲ್ಲಿಂದ ಏಳುವ ಹಾಗಿಲ್ಲವಾದ್ದರಿಂದ ಅಧೀಕ್ಷಕರೇ ಅವರ ಮೇಜಿಗೆ ಬಂದರು. ಗೋಡೆಯಾಚೆ ಸಾಹೇಬರ ಆಟ ನಡೆದಿತ್ತು.

"ಸಾರ್, ನಾಳೆ ಮಗಳನ್ನ ಶಾಲೆಗೆ ಸೇರಿಸ್ತಿದ್ದೀವಿ. ಮೊದಲನೇ ದಿನ. ಅಮ್ಮನೇ ಕೈ ಹಿಡ್ಕೊಂಡು ಬಾಗಿಲವರೆಗೂ ಬಿಡಬೇಕಂತೆ, ಹಠ ಹಿಡಿದಿದ್ದಾಳೆ. ಬೆಳಿಗ್ಗೆ ಸ್ವಲ್ಪ ಹೊತ್ತು ರಜೆ ಬೇಕಿತ್ತು."

"ಯಾರಿಗಮ್ಮ?"

"ನನಗೆ ಸಾರ್."

ಅಧೀಕ್ಷಕರು ನಿಜವಾಗಿಯೂ ಆಶ್ಚರ್ಯಪಟ್ಟರು. "ನಿಮಗ್ಯಾಕಮ್ಮ ರಜೆ? ನೀವು ಇಲ್ಲಿ ಕೆಲಸದಲ್ಲೇ ಇಲ್ಲವಲ್ಲ. ಕೈಗಳ ಜೊತೆ ಬರ್ತೀರಿ, ಹೋಗ್ತೀರಿ. ನಿಮ್ಮನ್ನ ಯಾರು ತಡೀತಾರೆ? ಧಾರಾಳವಾಗಿ ಹೋಗಿ ಬನ್ನಿ. ಕೈಗಳನ್ನ ಮಾತ್ರ ಇಲ್ಲೇ ಬಿಟ್ಟು ಹೋಗಿ, ಅವಕ್ಕೆ ನಾಳೆ ತುಂಬಾ ಕೆಲಸ ಇದೆ."

ಬೆರಳಚ್ಚುಗಾರ್ತಿಯವರು ಕೋಪಿಸಿಕೊಳ್ಳುತ್ತಾರೇನೋ ಅಂದುಕೊಂಡೆ. ಅವರು ಎಡಗೈಯನ್ನು ನೋಡಿದರು, ಆಮೇಲೆ ಗೋಡೆಯ ತೂತನ್ನು ನೋಡಿದರು, ಅಧೀಕ್ಷಕರು ಹೇಳಿದ್ದರಲ್ಲಿ ತಪ್ಪೇನೂ ಕಾಣಿಸಲಿಲ್ಲವೆಂದು ತೋರುತ್ತದೆ.

"ಬೇಡ ಬಿಡಿ ಸಾರ್," ಎಂದರು. "ಅವನ್ನ ಬಿಟ್ಟು ನಾನೊಬ್ಬಳೇ ಹೋದ್ರೆ ಚೆನ್ನಾಗಿರಲ್ಲ. ಸಂಜೆ ಎಲ್ಲಾ ಒಟ್ಟಿಗೇ ಹೋಗ್ತೀವಿ."